ಗಾಯರಾಣದಲ್ಲಿ ಕ್ಲೋವರ್: ಬಳಕೆದಾರರ ಕೈಪಿಡಿ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಉಪಯೋಗಕ್ಕಾಗಿ

ಪೆಟ್ಟಿಗೆ ಬಿಚ್ಚುವ ಮೊದಲು

ಹುಲ್ಲಿನ ನಡುವೆ ಕ್ಲೋವರ್ ಬೆಳೆಸಿ ದನಕುರಿ ಮೇಯಿಸಲು ಇಚ್ಛಿಸಿರುವ ತಮಗೆ ಅಭಿನಂದನೆಗಳು. ಈ ವಿದ್ಯೆಯ ಮೂಲ ಕೈಪಿಡಿಗಳು ನ್ಯೂಜಿಲೆಂಡ್, ಐರ್ಲೆಂಡ್ ಕಡೆಯವು. ಅವುಗಳ ಪ್ರಕಾರ ಪೆಟ್ಟಿಗೆಯಲ್ಲಿ ಇರಬೇಕಾದ ಸಾಮಾನು: ತಂಪು ಹವೆ, ಬೇಸಿಗೆಯಲ್ಲೂ ಆರದ ನೆಲ, ದಟ್ಟ ಹುಲ್ಲು, ತಂತಿ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಬ್ಬ ಮಾಲೀಕ. ನಮ್ಮ ಮೂರು ತಾಲ್ಲೂಕಿಗೆ ಬಂದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು: ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ನಂಬುವಂಥದ್ದು ಸೆಪ್ಟೆಂಬರ್ ಹೊತ್ತಿಗೆ, ಒಂದಿಷ್ಟು ಎರಿಯ ಕಪ್ಪು ನೆಲ, ಒಂದಿಷ್ಟು ಮಸಾರಿಯ ಕೆಂಪು ನೆಲ, ಉಳಿದದ್ದು ಕಲ್ಲು ಮಡ್ಡಿ, ಬಳ್ಳಾರಿ ಜಾಲಿ ಬೇಕಾದಷ್ಟು, ಕುರಿ ಬೇಕಾದದ್ದಕ್ಕಿಂತ ಹೆಚ್ಚು. ಗೇಟು ಇರಲಿಲ್ಲ. ವಿಚಾರಿಸಿದ್ದಕ್ಕೆ, ಅದನ್ನು ಸ್ಥಳೀಯವಾಗಿ ತಯಾರಿಸಿಕೊಳ್ಳತಕ್ಕದ್ದು ಎಂಬ ಉತ್ತರ ಬಂದಿದೆ.

ಕ್ಲೋವರ್ ಮೂರೆಲೆಯ ದ್ವಿದಳ ಗಿಡ. ಅದರ ಬೇರಿನ ಗಂಟುಗಳಲ್ಲಿ ಬಾಡಿಗೆಗಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡ ಸತ್ತಾಗ, ದನ ಸೆಗಣಿ ಹಾಕಿದಾಗ, ಅದು ಪಕ್ಕದ ಹುಲ್ಲಿಗೂ ಸಿಗುತ್ತದೆ. ದನಕ್ಕಾಗುವ ಲಾಭ ಇನ್ನೂ ನೇರ. ಮಾರ್ಚ್ ತಿಂಗಳ ಒಣ ಹುಲ್ಲಿನಲ್ಲಿ, ಜೋಳದ ಕಣಕಿಯಲ್ಲಿ ಕೂಡ, ಪ್ರೋಟೀನು ನೂರಕ್ಕೆ ಮೂರೋ ನಾಲ್ಕೋ. ಮೇವಿನಲ್ಲಿ ಅದು ಏಳಕ್ಕಿಂತ ಕೆಳಗಿಳಿದರೆ ಮೇವು ಅರೆಯುವ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೇ ಉಪವಾಸ ಬೀಳುತ್ತವೆ. ಆಗ ದನದ ಹೊಟ್ಟೆ ತುಂಬಿರುತ್ತದೆ, ಪಕ್ಕೆಲುಬು ಎಣಿಸಬಹುದು. ದ್ವಿದಳ ಸೊಪ್ಪಿನಲ್ಲಿ ಪ್ರೋಟೀನು ಹನ್ನೆರಡು ಹದಿನೈದರ ಮೇಲೆ. ಎರಡನ್ನೂ ಒಂದೇ ನೆಲದಲ್ಲಿ ಬೆರೆಸಿ ಬೆಳೆಸಿದರೆ ಹಿಂಡಿಯ ಚೀಲ ಕೊಳ್ಳುವುದು ತಪ್ಪುತ್ತದೆ. ಇದರಲ್ಲಿ ತಮಾಷೆಯೇನೂ ಇಲ್ಲ. ತಮಾಷೆ ಮುಂದಿದೆ.

ಹಂತ ಒಂದು: ಗಾಯರಾಣವನ್ನು ಪತ್ತೆ ಹಚ್ಚುವುದು

1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 97ನೆಯದನ್ನು ತೆರೆಯಿರಿ. ಊರಿನ ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಮೇವಿಗಾಗಿ ಬಿಟ್ಟಿರಬೇಕು. ಇದೇ ಗೋಮಾಳ, ನಮ್ಮ ಕಡೆಯ ಮಾತಿನಲ್ಲಿ ಗಾಯರಾಣ. ಪುಸ್ತಕ ಮುಚ್ಚಿ. ಈಗ ಉತಾರ ತೆಗೆಸಿ. ಅದರಲ್ಲೂ ಗಾಯರಾಣ ಇರುತ್ತದೆ, ಸರ್ವೆ ನಂಬರಿನ ಸಮೇತ. ಇನ್ನು ಆ ನಂಬರಿನ ಮೇಲೆ ಹೋಗಿ ನಿಲ್ಲಿ. ನಿಮ್ಮ ಎಡಕ್ಕೆ ಶಾಲೆ, ಬಲಕ್ಕೆ ಆಶ್ರಯ ಮನೆಗಳ ಪ್ಲಾಟು, ಎದುರಿಗೆ ನೀರಿನ ಟಾಕಿ, ಅದರಾಚೆ ರುದ್ರಭೂಮಿ, ಬೆನ್ನ ಹಿಂದೆ ಯಾರದೋ ಹೆಸರಿನ ಹೊಲ. ಕಾಲಡಿ ಉಳಿದದ್ದು ಗಾಯರಾಣ.

ನಮೂನೆ 50, ನಮೂನೆ 53, ನಮೂನೆ 57: ಇವು ಬೀಜದ ತಳಿಗಳಲ್ಲ, ಬಗರ್ ಹುಕುಂ ಸಾಗುವಳಿ ಸಕ್ರಮ ಮಾಡಲು ಕೊಡುವ ಅರ್ಜಿಗಳು. ಆದರೂ ನಾಡಿನ ಗೋಮಾಳಗಳಲ್ಲಿ ಇವುಗಳಷ್ಟು ಗಟ್ಟಿಯಾಗಿ ಬೇರು ಬಿಟ್ಟ ಇನ್ನೊಂದು ತಳಿ ಇಲ್ಲ. ಅರ್ಜಿ ಹಾಕಿದವರನ್ನು ಆಡಿಕೊಳ್ಳಬೇಡಿ. ಅವರಲ್ಲಿ ಬೇರೆ ಗುಂಟೆ ನೆಲವೂ ಇಲ್ಲದವರಿದ್ದಾರೆ. ನಲವತ್ತು ಎಕರೆಯ ಬದುವನ್ನು ವರ್ಷಕ್ಕೊಂದು ಸಾಲು ಗಾಯರಾಣದ ಒಳಗೆ ನಡೆಸಿಕೊಂಡು ಬಂದವರು ಯಾವ ನಮೂನೆಯನ್ನೂ ತುಂಬಿಲ್ಲ.

ನರಗುಂದದ ಬಳಕೆದಾರರು ಈ ಹಂತದಲ್ಲಿ ಬೇಸರಿಸಬಾರದು. ನವಿಲುತೀರ್ಥದಿಂದ ಮಲಪ್ರಭೆಯ ಕಾಲುವೆ ಬಂದ ಮೇಲೆ ಅಲ್ಲಿ ಎರಿ ಹೊಲ ರಸ್ತೆಯ ಅಂಚಿನವರೆಗೂ ಉಳುಮೆಯಾಗಿದೆ. ಕಾಲುವೆಯ ಕರದ ವಿಷಯಕ್ಕೇ 1980ರ ಜುಲೈನಲ್ಲಿ ಗೋಲಿಬಾರು ನಡೆದ ಊರಿನಲ್ಲಿ ನೆಲವನ್ನು ಹುಲ್ಲಿಗೆ ಬಿಡಿ ಎಂದು ಹೇಳುವ ಧೈರ್ಯ ಈ ಕೈಪಿಡಿಗೂ ಇಲ್ಲ. ರೋಣದವರಿಗೆ ಹಳ್ಳದ ದಂಡೆ, ಕೆರೆಯ ಅಂಗಳ ಸಿಗಬಹುದು. ಮೇಯಿಸುವ ನೆಲ ಎನ್ನುವಂಥದ್ದು ಉಳಿದಿರುವುದು ಗಜೇಂದ್ರಗಡದ ಗುಡ್ಡದ ಕಡೆ. ಕಾಲಕಾಲೇಶ್ವರನ ಸುತ್ತಿನ ಮಡ್ಡಿ, ಅದರ ಮೇಲೆ ತಿರುಗುವ ಗಾಳಿ ಯಂತ್ರಗಳು, ಯಂತ್ರದ ಕಂಬದ ನೆರಳಿನ ಉದ್ದಕ್ಕೆ ಸಾಲಾಗಿ ಮಲಗಿದ ಕುರಿಗಳು. ಮಧ್ಯಾಹ್ನ ಸರಿದಂತೆ ನೆರಳು ಸರಿಯುತ್ತದೆ, ಕುರಿಯ ಸಾಲೂ ಸರಿಯುತ್ತದೆ. ಗಾಳಿ ವಿದ್ಯುತ್ತಿನಿಂದ ಕುರಿಗಾರನಿಗೆ ಆದ ನೇರ ಪ್ರಯೋಜನ ಸದ್ಯಕ್ಕೆ ಇಷ್ಟು.

ಹಂತ ಎರಡು: ಕ್ಲೋವರನ್ನು ಬದಲಾಯಿಸಿಕೊಳ್ಳುವುದು

ಪೆಟ್ಟಿಗೆಯಲ್ಲಿ ಬಿಳಿ ಕ್ಲೋವರ್ ಬೀಜ ಇದ್ದರೆ ವಾಪಸು ಮಾಡಿ. ನಮ್ಮಲ್ಲಿ ಅದು ಶಿವರಾತ್ರಿ ದಾಟುವುದಿಲ್ಲ. ಈಜಿಪ್ಟಿನ ಕ್ಲೋವರ್ ಬರ್ಸೀಮ್ 1904ರಲ್ಲಿ ಸಿಂಧ್ ಪ್ರಾಂತಕ್ಕೆ ಬಂದು ಪಂಜಾಬಿನ ಎಮ್ಮೆಗಳನ್ನು ಸಾಕಿದ್ದು ನಿಜ. ಆದರೆ ಅದಕ್ಕೆ ಚಳಿಗಾಲದ ಉದ್ದಕ್ಕೂ ನೀರು ಬೇಕು. ಇಲ್ಲಿ ಚಳಿಗಾಲಕ್ಕೆ ನೀರಿದ್ದವನು ಗೋವಿನಜೋಳ ಹಾಕುತ್ತಾನೆ, ಕ್ಲೋವರ್ ಹಾಕುವುದಿಲ್ಲ. ಬಾವಿ ಇದ್ದವರು ಕುದುರೆ ಮೆಂತೆ ಬೆಳೆಯಬಹುದು. ಅದು ಕೊಯ್ದು ಹಾಕುವ ಮೇವು, ಬಿಟ್ಟು ಮೇಯಿಸುವುದಲ್ಲ.

ಆಸ್ಟ್ರೇಲಿಯಾದವರ ಕತೆ ಆಸೆ ಹುಟ್ಟಿಸುತ್ತದೆ. ಏಮಸ್ ಹೋವರ್ಡ್ ಎಂಬ ರೈತ 1889ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಬಾರ್ಕರ್ ಬಳಿ, ಶೇಂಗಾದ ಹಾಗೆ ತನ್ನ ಕಾಯನ್ನು ತಾನೇ ನೆಲಕ್ಕೆ ಊರುವ ಒಂದು ಕ್ಲೋವರನ್ನು ಗಮನಿಸಿದ. ಮುಂದೆ ಲಕ್ಷಾಂತರ ಎಕರೆ ಬರಡು ಹುಲ್ಲುಗಾವಲು ಅದರಿಂದ ಹಸಿರಾಯಿತು. ಆದರೆ ಆ ಕ್ಲೋವರಿಗೆ ಚಳಿಗಾಲದ ಮಳೆ ಬೇಕು. ನಮ್ಮ ಚಳಿಗಾಲದಲ್ಲಿ ಬೀಳುವುದು ಇಬ್ಬನಿ, ಅದಕ್ಕೂ ಕಡಲೆ ಮೊದಲೇ ಬುಕ್ ಮಾಡಿರುತ್ತದೆ.

ಆದಕಾರಣ ಕ್ಲೋವರಿನ ಕೆಲಸ ಮಾಡುವ, ಬಿಸಿಲು ಕಂಡ ಅದರ ದಾಯಾದಿಗಳನ್ನು ಕರೆಯಬೇಕು. ಮಸಾರಿಗೂ ಮಡ್ಡಿಗೂ ಸ್ಟೈಲೋ. ಕೆರಿಬಿಯನ್ ಕಡೆಯಿಂದ ಬಂದ ಹಮಾಟಾ ಎಂಬುದು ಕುಳ್ಳು. ಸ್ಕಾಬ್ರಾ ಎಂಬುದು ಪೊದೆ, ಬೇರು ಆಳ, ಬರಕ್ಕೆ ಗಟ್ಟಿ. ಜಲಾನಯನ ಯೋಜನೆಗಳು ಬದುವಿನ ಮೇಲೆ ಇದನ್ನು ಚೆಲ್ಲಿ ಹೋದದ್ದು ಹಿರಿಯರಿಗೆ ನೆನಪಿರಬಹುದು. ನೀರು ನಿಲ್ಲುವ ಅಂಟು ಎರಿಯಲ್ಲಿ ಸ್ಟೈಲೋ ಮುಖ ಸಿಂಡರಿಸುತ್ತದೆ. ಅಲ್ಲಿಗೆ ಶಂಖಪುಷ್ಪ. ನಾವು ಶಿವನಿಗೆ ಏರಿಸುವ ಅದೇ ನೀಲಿ ಹೂವಿನ ಬಳ್ಳಿಯನ್ನು ಕ್ವೀನ್ಸ್‌ಲ್ಯಾಂಡಿನ ಜೇಡಿ ನೆಲದ ರೈತರು ಮಿಲ್ಗಾರಾ ಎಂಬ ತಳಿ ಮಾಡಿಕೊಂಡು ದನಕ್ಕೆ ಹಾಕುತ್ತಿದ್ದಾರೆ. ನಂದಿಗೆ ಇದು ಮೊದಲೇ ಗೊತ್ತಿದ್ದಿರಬೇಕು, ಹೇಳಿಲ್ಲ. ಬೇಲಿ ಮೆಂತೆಯೂ ಎರಿಗೆ ಒಗ್ಗುತ್ತದೆ.

ಎಚ್ಚರಿಕೆ: ಕಾಂಗ್ರೆಸ್ ಕಸವನ್ನು ಹತ್ತಿಕ್ಕಲು ಹಬ್ಬಿಸಿದ ತಗಚಿಯನ್ನು ನೋಡಿ ಇದೂ ಕಾಯಿ ಬಿಡುವ ಗಿಡವಲ್ಲವೇ ಎಂದು ಹಿಗ್ಗಬೇಡಿ. ಅದು ದ್ವಿದಳದ ಮನೆತನದ್ದೇ. ಬೇರಿನಲ್ಲಿ ಗಂಟು ಕಟ್ಟುವುದಿಲ್ಲ, ದನ ಮೂಸುವುದಿಲ್ಲ. ಎಲ್ಲ ಮನೆತನದಲ್ಲೂ ಒಬ್ಬ ಇರುತ್ತಾನೆ.

ಇಷ್ಟನ್ನೂ ವಿವರಿಸಿದ ಮೇಲೆ ಗಜೇಂದ್ರಗಡದ ಕಡೆಯ ಒಬ್ಬ ಹಿರಿಯರು ಕೊಟ್ಟ ಅಭಿಪ್ರಾಯವನ್ನು ಅಳವಡಿಸಿಕೊಳ್ಳಲಾಗಿದೆ: "ಜ್ವಾಳದಾಗ ಮಡಿಕಿ ಅಕ್ಕಡಿ ಹಾಕೂದನ್ನ ನಮಗ ಹೇಳಿಕೊಡಾಕ ಇಷ್ಟ ದೂರ ಬಂದೀರೇನ್ರೀ ಸಾಹೇಬ್ರ?" ಜೋಳ ಹುಲ್ಲಿನ ಜಾತಿ, ಮಡಿಕಿ ದ್ವಿದಳ. ಅವರ ಮಾತಿಗೆ ಉತ್ತರ ಸಿಕ್ಕಿದಾಗ ಮುಂದಿನ ಮುದ್ರಣದಲ್ಲಿ ಸೇರಿಸಲಾಗುವುದು.

ಹಂತ ಮೂರು: ಬೀಜಕ್ಕೆ ಬಿಸಿನೀರು

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ನೀರನ್ನು ಒಳಗೆ ಬಿಡುವುದಿಲ್ಲ. 80 ಡಿಗ್ರಿ ಬಿಸಿ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ ತೆಗೆದು, ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ನೆರಳಲ್ಲಿ ಆರಿಸಬೇಕು. ಉಷ್ಣಮಾಪಕ ಇಲ್ಲದವರು ನೀರು ಕುದಿಯುವ ಮೊದಲು, ಪಾತ್ರೆಯ ತಳದಿಂದ ಸಣ್ಣ ಗುಳ್ಳೆ ಏಳುವ ಹೊತ್ತಿಗೆ ಇಳಿಸಿಕೊಳ್ಳಲಿ. ಕುದಿದರೆ ಅದು ಬಿತ್ತನೆ ಬೀಜವಲ್ಲ, ಉಸುಳಿ. ಮನೆಯವರ ಪಾತ್ರೆ ಬಳಸುವ ಮುನ್ನ ಮನೆಯವರನ್ನು ಕೇಳತಕ್ಕದ್ದು.

ಇಲ್ಲಿ ಕೈಪಿಡಿ ತನ್ನದೇ ಒಂದು ಮಾತು ಸೇರಿಸುತ್ತದೆ. ಎಲ್ಲ ಬೀಜಕ್ಕೂ ಬಿಸಿನೀರು ತೋರಿಸಬೇಡಿ; ಕಾಲು ಭಾಗ ಹಾಗೆಯೇ ಇರಲಿ. ನಮ್ಮ ಕಡೆ ಮಿರಗದ ಮಳೆ ಒಂದು ದಿನ ಹದವಾಗಿ ಬಿದ್ದು, ಹೆಸರು ಬಿತ್ತಿಸಿ, ಆಮೇಲೆ ಮೂರು ವಾರ ಮುಖ ತೋರಿಸದೆ ಹೋಗುವುದುಂಟು. ಬಿಸಿನೀರು ಕಂಡ ಬೀಜವೆಲ್ಲ ಆ ಮೊದಲ ಮಳೆಯನ್ನು ನಂಬಿ ಎದ್ದು ಒಣಗುತ್ತದೆ. ಗಟ್ಟಿ ಸಿಪ್ಪೆಯದು ಒಳಗೇ ಕೂತು ಆಶ್ಲೇಷಕ್ಕೋ ಮುಂದಿನ ವರ್ಷಕ್ಕೋ ಏಳುತ್ತದೆ. ಮೊದಲ ಹನಿಗೇ ಕೂರಿಗೆ ಹೂಡದ ಈ ಬುದ್ಧಿ ಅದಕ್ಕೆ ಹುಟ್ಟುಗುಣ. ಪೂರ್ತಿ ಕಳೆಯುವುದು ಬೇಡ.

ಹಂತ ನಾಲ್ಕು: ಬ್ಯಾಕ್ಟೀರಿಯಾ

ಕ್ಲೋವರಿಗೆ ಅದರದೇ ಬಳಗದ ಬ್ಯಾಕ್ಟೀರಿಯಾ ಆಗಬೇಕು, ಬೇರೆಯದನ್ನು ಮುಟ್ಟುವುದಿಲ್ಲ. ಸ್ಟೈಲೋಗೆ ಆ ಮಡಿ ಇಲ್ಲ. ಅಲಸಂದಿ, ಹೆಸರು, ಶೇಂಗಾ ಬೆಳೆದ ನೆಲದಲ್ಲಿ ಇರುವುದನ್ನೇ ಒಳಗೆ ಕರೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಪೊಟ್ಟಣ ಸಿಕ್ಕರೆ ಬೆಲ್ಲದ ಪಾಕದಲ್ಲಿ ಕಲಸಿ ಬೀಜಕ್ಕೆ ಲೇಪಿಸಿ. ಎರಡು ತಿಂಗಳ ಮೇಲೆ ಒಂದು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಒಡೆಯಿರಿ. ಒಳಗೆ ಕೆಂಪು ಛಾಯೆ ಇದ್ದರೆ ಕೆಲಸ ನಡೆದಿದೆ. ಬೆಳ್ಳಗಿದ್ದರೆ ಒಳಗಿನವರು ಹಾಜರಿ ಹಾಕಿ ಕೂತಿದ್ದಾರೆ ಎಂದರ್ಥ.

ಹಂತ ಐದು: ಬಿತ್ತುವುದು

ಮೊದಲು ಆ ನೆಲದ ಹುಲ್ಲನ್ನು ಚೆನ್ನಾಗಿ ಮೇಯಿಸಿ ಗಿಡ್ಡ ಮಾಡಿ. ಎಳೆ ಸಸಿಗೆ ಬೆಳಕು ಬೇಕು. ಈ ಕೈಪಿಡಿಯಲ್ಲಿ ಯಾರ ಮನವೊಲಿಕೆಯೂ ಇಲ್ಲದೆ ನಡೆಯುವ ಕೆಲಸ ಇದೊಂದೇ. ಎಕರೆಗೆ ನಾಲ್ಕು ಕಿಲೋ ಬೀಜ, ಅದಕ್ಕೆ ಐದಾರು ಪಾಲು ಉಸುಕು ಬೆರೆಸಿ, ಗಾಳಿ ಇಲ್ಲದ ಹೊತ್ತು ನೋಡಿ ಚೆಲ್ಲಿ. ಗಜೇಂದ್ರಗಡದ ಗುಡ್ಡದಲ್ಲಿ ಗಾಳಿ ಇಲ್ಲದ ಹೊತ್ತು ಯಾವುದು ಎಂದು ಗಾಳಿ ಯಂತ್ರದ ಕಂಪನಿಯವರೂ ಹುಡುಕುತ್ತಿರಬಹುದು, ಬೇರೆ ಕಾರಣಕ್ಕೆ. ಬೀಜ ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗಕೂಡದು. ಎರಿಯಲ್ಲಿ ಬೇಸಿಗೆಯ ಬಿರುಕು ಮುಚ್ಚುವ ಮೊದಲೇ ಚೆಲ್ಲಿದರೆ ಬೀಜ ಮೊಳದುದ್ದ ಕೆಳಗಿಳಿದು ಪಾತಾಳದ ಪಾಲು. ಚೆಲ್ಲಿದ ಮೇಲೆ ಜಾಲಿಯ ಒಂದು ಟೊಂಗೆಯನ್ನು ಎಳೆದಾಡಿ, ಇಲ್ಲವೇ ಒಂದು ಹಿಂಡು ಕುರಿಯನ್ನು ಅಡ್ಡಲಾಗಿ ನಡೆಸಿ. ಗೊರಸು ಕುಂಟೆಗಿಂತ ಹಗುರ.

ಹಂತ ಆರು: ಗೇಟು ಮುಚ್ಚುವುದು

ಮೂಲ ಕೈಪಿಡಿಯಲ್ಲಿ ಇದು ಒಂದೇ ಸಾಲು: ಸಸಿ ನೆಲೆಯೂರುವವರೆಗೆ ಗೇಟು ಮುಚ್ಚಿಡಿ. ನಮ್ಮ ಪೆಟ್ಟಿಗೆಯಲ್ಲಿ ಗೇಟು ಇರಲಿಲ್ಲ ಎಂಬುದನ್ನು ಆಗಲೇ ತಿಳಿಸಲಾಗಿದೆ.

ಅದನ್ನು ತಯಾರಿಸಲು ಬೇಕಾಗುವ ಬಿಡಿಭಾಗಗಳು: ಗ್ರಾಮಸಭೆಯ ಒಂದು ಠರಾವು, ಒಂದು ಡಂಗುರ, ಡಂಗುರ ಕೇಳಿಸಿಕೊಳ್ಳಲು ಊರಿನಲ್ಲಿರುವ ಜನ. ಸರ್ಕಾರಿ ಯೋಜನೆಗಳಲ್ಲಿ ಇದಕ್ಕೆ ಸಾಮಾಜಿಕ ಬೇಲಿ ಎಂಬ ಹೆಸರಿದೆ. ಕಬ್ಬಿಣದ ಬೇಲಿಗೆ ತಂತಿಯ ಖರ್ಚು, ಇದಕ್ಕೆ ಚಹಾದ ಖರ್ಚು. ಕೊನೆಗೆ ಎರಡರ ಬಿಲ್ಲೂ ಹತ್ತಿರ ಹತ್ತಿರ ಬರುತ್ತದೆ. ಠರಾವು ಪಾಸಾದ ದಿನ ಸಂಜೆ, ಪಾಸು ಮಾಡಿದವರ ಆಕಳೇ ಮೊದಲು ಒಳಗೆ ಹೋಗುತ್ತದೆ. ಅದನ್ನು ಹೊಡೆಯಲಾಗದು, ಆಕಳು. ಕೊಂಡವಾಡಕ್ಕೆ ಹಾಕಲಾಗದು, ಸದಸ್ಯರದು.

ಆದರೆ ಸದಸ್ಯರ ಆಕಳಿನ ಮೇಲೆ ಎಲ್ಲವನ್ನೂ ಹೊರಿಸಿದರೆ ಕೈಪಿಡಿ ಸುಳ್ಳಾಗುತ್ತದೆ. ಕುರಿಗಾರನ ಪಂಚಾಂಗ ನೋಡಿ. ಕಡಲೆ, ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಮೇ ತಿಂಗಳವರೆಗೆ ಹೊಲಗಳೆಲ್ಲ ಅವನಿಗೆ ತೆರೆದಿರುತ್ತವೆ. ತೆರೆದಿರುವುದಷ್ಟೇ ಅಲ್ಲ, ರೈತರೇ ಕರೆದು ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರೆ, ಹಿಕ್ಕೆಗೂ ಮೂತ್ರಕ್ಕೂ ಕಾಳೋ ದುಡ್ಡೋ ಕೊಡುತ್ತಾರೆ. ಕಾರ ಹುಣ್ಣಿವಿ ಬರುತ್ತಿದ್ದಂತೆ ಒಂದೊಂದಾಗಿ ಹೊಲ ಬಿತ್ತನೆಯಾಗಿ ಮುಚ್ಚುತ್ತದೆ. ನಿನ್ನೆ ಕರೆದವನೇ ಇವತ್ತು ಕಲ್ಲು ಬೀಸುತ್ತಾನೆ. ಜೂನಿನಿಂದ ಅಕ್ಟೋಬರಿನವರೆಗೆ ಹಿಂಡಿಗೆ ಉಳಿಯುವುದು ಗಾಯರಾಣ, ಗುಡ್ಡ, ರಸ್ತೆಯ ಅಂಚು. ಕೈಪಿಡಿ ಗೇಟು ಮುಚ್ಚಿ ಎನ್ನುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ, ಅದೇ ಜಾಗವನ್ನು. ಮೇವು ಹೆಚ್ಚಿಸುವ ಯೋಜನೆಯ ಮೊದಲ ವರ್ಷ ಕುರಿಗೆ ಮೇವಿಲ್ಲ.

"ಹುಲ್ಲ ಬೆಳೀಲಿ ಅಂತ ನಮಗೂ ಐತ್ರೀ," ಎಂದರು ಅದೇ ಹಿರಿಯರು. "ಬೆಳ್ಯಾತನಕ ಇವನ್ನ ಎಲ್ಲಿಡೂನು? ನಿಮ್ಮ ಮನ್ಯಾಗ ಜಾಗ ಐತೇನು?"

ಹೀಗಾಗಿ ಇಡೀ ಗಾಯರಾಣವನ್ನು ಮುಚ್ಚುವ ಹಂತವನ್ನು ರದ್ದು ಮಾಡಲಾಗಿದೆ. ನಾಲ್ಕು ಪಾಲು ಮಾಡಿ. ವರ್ಷಕ್ಕೊಂದು ಪಾಲಿಗೆ ಮಾತ್ರ ಜಾಲಿಮುಳ್ಳಿನ ಸಾಲು ಹಾಕಿ ಬೀಜ ಚೆಲ್ಲಿ, ಗಿಡ ಹೂ ಬಿಟ್ಟು ಬೀಜ ಉದುರಿಸುವವರೆಗೆ, ಅಂದರೆ ಡಿಸೆಂಬರಿನವರೆಗೆ, ಬಿಡಿ. ಯಾವ ಪಾಲು ಮೊದಲು ಎಂಬುದನ್ನು ಕುರಿಗಾರರೇ ಹೇಳಲಿ. ಮಳೆಗಾಲದಲ್ಲಿ ಎಲ್ಲಿ ಕೆಸರು, ಎಲ್ಲಿ ಕುರಿಯ ಕಾಲು ಕೊಳೆಯುತ್ತದೆ ಎಂಬುದು ಅವರಿಗೇ ಗೊತ್ತು. ಅಂಥ ಜಾಗ ಬಿಟ್ಟುಕೊಡಲು ಅವರಿಗೆ ಅಷ್ಟು ಸಂಕಟವಿಲ್ಲ. ನಾಲ್ಕು ವರ್ಷ ಹಿಡಿಯುತ್ತದೆ. ಯೋಜನೆಗಳ ಅವಧಿ ಅಷ್ಟು ಉದ್ದ ಇರುವುದಿಲ್ಲವೆಂಬುದು ಬೇರೆ ಮಾತು.

ಇನ್ನೊಂದು ವಿಷಯ, ಬೀಜ ಮಾರುವವರು ಹೇಳದಿರುವುದು. ಹಾಗೆ ಸುಮ್ಮನೆ ಬಿಟ್ಟ ಪಾಲಿನಲ್ಲಿ ನೀವು ಚೆಲ್ಲದ್ದೂ ಏಳುತ್ತದೆ. ಕರಿಕೆಯ ಸಂದಿಯಲ್ಲಿ ನೆಲಕ್ಕೆ ಅಂಟಿ ಹಬ್ಬುವ ಒಂಟೆಲೆಯ ಸಣ್ಣ ಬಳ್ಳಿ, ಶಾಸ್ತ್ರದಲ್ಲಿ ಅದಕ್ಕೆ ಅಲಿಸಿಕಾರ್ಪಸ್ ಎಂದು ಹೆಸರು; ನೀಲಿ ಜಾತಿಯ ಕುಳ್ಳು ಗಿಡಗಳು; ಕಾಡು ಹುರಳಿಯ ಹಂಬು. ಇವೆಲ್ಲ ದ್ವಿದಳ, ಇವೆಲ್ಲ ನಮ್ಮವು. ಹೂ ಬಿಡುವ ಮೊದಲೇ ಬಾಯಿಗೆ ಹೋಗುತ್ತಿದ್ದುದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ಕೆಲವು ಕಡೆ ನಾಲ್ಕು ಕಿಲೋ ಬೀಜದ ಖರ್ಚೇ ಬೇಕಾಗದೆ ಹೋಗಬಹುದು. ಬೀಜಕ್ಕೆ ರಸೀದಿ ಸಿಗುತ್ತದೆ, ಸುಮ್ಮನೆ ಬಿಟ್ಟದ್ದಕ್ಕೆ ಸಿಗುವುದಿಲ್ಲ; ಆದ್ದರಿಂದ ಮೇಲಿನವರು ಬೀಜವನ್ನೇ ಇಷ್ಟಪಡುತ್ತಾರೆ.

ಹಂತ ಏಳು: ಮೇಯಿಸುವುದು

ಎರಡನೆಯ ಮಳೆಗಾಲದಲ್ಲಿ ಬಿಟ್ಟು ನೋಡಿ. ದನ ಸ್ಟೈಲೋ ಬಿಟ್ಟು ಹುಲ್ಲನ್ನೇ ಹುಡುಕಿ ತಿಂದರೆ ಗಾಬರಿ ಬೇಡ. ಅದರ ನಡೆಯೇ ಹಾಗೆ. ಹುಲ್ಲು ಎಳೆಯದಾಗಿರುವಾಗ ದನಕ್ಕೆ ಹುಲ್ಲು ರುಚಿ. ಸೀಗಿ ಹುಣ್ಣಿವಿ ಕಳೆದು ಹುಲ್ಲು ಒಣಗಿ ಕಡ್ಡಿಯಾದಾಗ ಇನ್ನೂ ಹಸಿರಾಗಿರುವ ಸ್ಟೈಲೋ ಕಡೆ ತಿರುಗುತ್ತದೆ. ಬೇಕಾಗಿದ್ದದ್ದೂ ಆಗಲೇ. ಕ್ಲೋವರ್, ಕುದುರೆ ಮೆಂತೆಗಳನ್ನು ಹಸಿದ ಹೊಟ್ಟೆಗೆ ಹಸಿಯಾಗಿ ತಿಂದರೆ ಹೊಟ್ಟೆ ಉಬ್ಬರಿಸಿ ದನ ಬೀಳುವುದುಂಟು. ಸ್ಟೈಲೋದಲ್ಲಿ ಆ ಭಯವಿಲ್ಲ. ಕುರಿಗೆ ಮಳೆಗಾಲದ ಹೊಸ ಮೇವಿಗೆ ಮೊದಲೇ ಕರುಳುಬೇನೆಯ ಲಸಿಕೆ ಹಾಕಿಸಿರಬೇಕು. ಹುಲುಸು ಮೇವು ಯಾವುದಾದರೂ ಈ ಬೇನೆ ಬರಬಹುದು, ಆದರೆ ಕುರಿ ಸತ್ತರೆ ಹೆಸರು ಬರುವುದು ಹೊಸ ಗಿಡಕ್ಕೇ.

ತೊಂದರೆ ಮತ್ತು ಪರಿಹಾರ

ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದು ಕಾಂಡ ಒಣಗುತ್ತಿದೆ: ಚಿಬ್ಬು ರೋಗ. ಆಸ್ಟ್ರೇಲಿಯಾದಲ್ಲಿ ಟೌನ್ಸ್‌ವಿಲ್ ಸ್ಟೈಲೋ ಎಂಬುದೊಂದನ್ನೇ ನೆಚ್ಚಿಕೊಂಡಿದ್ದರು. 1970ರ ದಶಕದಲ್ಲಿ ಈ ರೋಗ ಬಂದು ಅದನ್ನು ಬಳಿದುಕೊಂಡು ಹೋಯಿತು. ಎರಡು ಮೂರು ಜಾತಿ ಬೆರೆಸಿ ಹಾಕಿ.

ಏನೂ ಹುಟ್ಟಿಲ್ಲ: ಹಂತ ಮೂರರ ಪಾತ್ರೆಯನ್ನು ಮನೆಯವರು ಯಾವಾಗ ಒಲೆಯಿಂದ ಇಳಿಸಿದರು ಕೇಳಿ.

ತಿಳಿದವರನ್ನು ಕೇಳಬೇಕು: ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಧಾರವಾಡದಲ್ಲಿ ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರವಿದೆ.

ಚೆನ್ನಾಗಿ ಹಸಿರಾಗಿದೆ, ಯಾರೋ ಟೇಪು ಹಿಡಿದು ಅಳೆಯುತ್ತಿದ್ದಾರೆ: ಇದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಹಂತ ಎಂಟು: ಮೇಲಿನ ಏಳೂ ಕೈಗೂಡದಿದ್ದಲ್ಲಿ

ಸ್ಟೈಲೋದ ಗಟ್ಟಿ ಸಿಪ್ಪೆಯ ಬೀಜದಲ್ಲಿ ಒಂದಷ್ಟು ದನಕುರಿಯ ಹೊಟ್ಟೆಯೊಳಗೂ ಕರಗದೆ ಹೊರಬರುತ್ತದೆ, ಗೊಬ್ಬರದ ಸಮೇತ. ಬೇರೆ ದೇಶಗಳಲ್ಲಿ ದನದ ತಿಂಡಿಯಲ್ಲೇ ಬೀಜ ಬೆರೆಸಿ ಈ ರೀತಿ ಬಿತ್ತಿ ನೋಡಿದ್ದಾರೆ. ನಮ್ಮಲ್ಲಿ ಬಳ್ಳಾರಿ ಜಾಲಿ ಈ ದಾರಿಯನ್ನು ಯಾವತ್ತೋ ಕಂಡುಕೊಂಡು, ಕುರಿಗೆ ಸಿಹಿ ಕಾಯಿ ತಿನ್ನಿಸಿ, ಮೂರೂ ತಾಲ್ಲೂಕನ್ನು ಹಿಡಿದಿದೆ. ಅದಕ್ಕೆ ಠರಾವೂ ಇರಲಿಲ್ಲ, ಡಂಗುರವೂ ಇರಲಿಲ್ಲ. ಹಾಗಾಗಿ ಮುಂಗಾರಿಗೆ ಸ್ವಲ್ಪ ಮೊದಲು, ಹಿಂಡುಗಳು ಎರಿ ಹೊಲ ಬಿಟ್ಟು ಗುಡ್ಡದ ಕಡೆ ಮುಖ ಮಾಡುವ ಹೊತ್ತಿಗೆ, ನುಚ್ಚಿನ ಜೊತೆ ಬಿಸಿನೀರು ಕಾಣದ ಬೀಜವನ್ನು ಒಂದೊಂದು ಹಿಡಿ ಬೆರೆಸಿ ಕುರಿಗಳಿಗೆ ಹಾಕಿ. ಅಡ್ಡಾಡುವುದು, ಚೆಲ್ಲುವುದು, ತುಳಿಯುವುದು, ಗೊಬ್ಬರ ಹಾಕುವುದು ಎಲ್ಲವನ್ನೂ ಅವೇ ಮಾಡುತ್ತವೆ. ದಾರಿಯಲ್ಲಿ ಯಾರದಾದರೂ ಬಿತ್ತಿದ ಹೊಲದಲ್ಲಿ ಎದ್ದರೆ ಒಂದು ಎಡೆ ಹೊಡೆದರೆ ಹೋಗುತ್ತದೆ.

ಈ ಹಂತವನ್ನು ಹಿರಿಯರಿಗೆ ವಿವರಿಸಿದಾಗ ಅವರು ಕಂಬಳಿಯ ಹೆಗಲು ಬದಲಿಸಿಕೊಂಡು, ಪೂರ್ತಿ ಕೇಳಿ, ಆಮೇಲೆ ಒಂದೇ ವಿಷಯ ವಿಚಾರಿಸಿದರು.

"ಅಂದ್ರ ಬಿತ್ತೂ ಕೆಲಸ ನಮ್ಮ ಕುರೀದಂದಂಗಾತು. ಕೂಲಿ ತಲಿಗೆ ಎಷ್ಟ ಹಾಕ್ತೀರಿ?"

ಯಾರ ತಲೆಗೆ, ಕುರಿಗಾರರ ತಲೆಗೋ ಎಂದು ಕೇಳಲಾಯಿತು.

"ಕುರಿ ತಲಿಗೆ."